ಗೇರ್‌ಬಾಕ್ಸಿನ ನಡುಕ

ನಮ್ಮಪ್ಪನ ಕಾರಿನ ಮೇಲೆ ನನಗೆ ಯಾವತ್ತೂ ಆಸೆ ಇರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಹೇಳುವುದೆಲ್ಲ ಪಕ್ಷಪಾತವಿಲ್ಲದ ಸಾಕ್ಷಿ ಅಂತ ನೀವು ನಂಬಬೇಕಲ್ಲ. ಆ ಕಾರನ್ನು ನಾನು ಒಂದೇ ಒಂದು ಸಲ ಓಡಿಸಿದ್ದೇನೆ, ಅದೂ ಮುಂದಕ್ಕೆ ಅಂದುಕೊಂಡು ಹಿಂದಕ್ಕೆ. ಅವತ್ತು ವಾಲಿದ ಗೇಟಿನ ಕಂಬ ಇವತ್ತಿಗೂ ವಾಲಿಕೊಂಡೇ ಇದೆ. ಅಪ್ಪ ಬೈಯಲಿಲ್ಲ. ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು, ಅಷ್ಟೆ. ಅಲ್ಲಿಂದೀಚೆಗೆ ಹಿಂದಿನ ಸೀಟಿನ ನಟ್ಟನಡುವಿನ ಜಾಗ ನನಗೆ ಖಾಯಂ ಆಯಿತು.

ನಡುವಿನ ಜಾಗ ಅಂದರೆ ಕಾರಿನಲ್ಲಿ ಯಾರಿಗೂ ಬೇಡದ ಜಾಗ. ಅಲ್ಲಿ ಕಾಲಿಡುವ ಕಡೆ ನೆಲದ ತಗಡು ಮಡಕೆ ಬೋರಲು ಹಾಕಿದಂತೆ ಉಬ್ಬಿಕೊಂಡಿರುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ದಂಡ ಅದರ ಕೆಳಗೇ ತಿರುಗುತ್ತದೆ. ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರೂ ನಾನು ಒಂದು ದಿನ ದೂರಿದವನಲ್ಲ.

ಕಾರು ಮಾತ್ರ ಕಾರೇ. ಬೆಣ್ಣೆ ಬಣ್ಣ, ಉದ್ದ ಮೂತಿ, ಮುಂದೆ ಬೆಂಚಿನ ಹಾಗೆ ಒಂದೇ ಉದ್ದನೆಯ ಸೀಟು. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಮುಚ್ಚಿಹೋದ ಸಿನಿಮಾ ಥಿಯೇಟರಿನ ಮಾಲೀಕನಿಂದ ಅಪ್ಪ ಅದನ್ನು ಕೊಂಡಾಗ ನಮ್ಮ ಬೀದಿಯವರೆಲ್ಲ ಬಂದು ಬಗ್ಗಿ, ಇಲ್ಲದ ಕ್ಲಚ್ಚನ್ನು ನೋಡಿಕೊಂಡು ಹೋಗಿದ್ದರಂತೆ. ಈಗ ಅಪ್ಪನ ಕಣ್ಣಿಗೆ ಪೊರೆ ಬಂದು ಓಡಿಸುವುದು ನಿಂತಿದೆ. ಆಪರೇಷನ್ ಅಂದರೆ ಮಾತು ಬದಲಾಯಿಸುತ್ತಾರೆ.

ಕಾರು ಸದ್ಯಕ್ಕೆ ದೊಡ್ಡ ಭಾವನ ಕೈಯಲ್ಲಿರಲಿ ಅಂತ ಅಪ್ಪ ತೀರ್ಮಾನ ಮಾಡಿದರು. 'ಸದ್ಯಕ್ಕೆ' ಅನ್ನುವ ಆ ಒಂದು ಮಾತೇ ಎಲ್ಲ ಅನಾಹುತಕ್ಕೂ ಮೂಲ.

ದೊಡ್ಡ ಭಾವ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಮುದ್ರೆ ಒತ್ತುವ ಕೆಲಸ. ಹೀಗಾಗಿ ಯಾರ ತಟ್ಟೆಗೆ ಎಷ್ಟು ಬಿತ್ತು ಅನ್ನುವುದು ಅವರ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಅದರಲ್ಲೂ ಷಡ್ಡಕನ ತಟ್ಟೆಗೆ. ಆ ಷಡ್ಡಕ, ಅಂದರೆ ನನ್ನ ಚಿಕ್ಕಕ್ಕನ ಗಂಡ, ಹಲ್ಲಿನ ಡಾಕ್ಟರು. ಸ್ವಂತ ಕ್ಲಿನಿಕ್ಕು, ಹೊಸ ಕಾರು, ಕಾರಿಗೆ ಶೆಡ್ಡು, ಶೆಡ್ಡಿನಲ್ಲಿ ಇನ್ನೂ ಒಂದು ಕಾರಿಗೆ ಜಾಗ. ಆ ಖಾಲಿ ಜಾಗವನ್ನು ನೆನೆಸಿಕೊಂಡರೆ ಸಾಕು, ದೊಡ್ಡ ಭಾವನಿಗೆ ತುತ್ತು ಇಳಿಯುತ್ತಿರಲಿಲ್ಲ.

ನಡುಕ ಮೊದಲು ಕಾಣಿಸಿಕೊಂಡದ್ದು ಒಂದು ಭಾನುವಾರ. ದೊಡ್ಡ ಭಾವ ಓಡಿಸುತ್ತಿದ್ದರು, ಪಕ್ಕದಲ್ಲಿ ದೊಡ್ಡಕ್ಕ. ಹಿಂದೆ ಅಪ್ಪ, ಅಮ್ಮ, ನಡುವೆ ನಾನು. ಕೆರೆ ಏರಿಯವರೆಗೂ ಕಾರು ನೀರಿನ ಮೇಲೆ ದೋಣಿ ಹೋದಂತೆ ಹೋಯಿತು.

"ಚಿಕ್ಕೋಳ ಮನೇಲಿ ಹೊಸ ಕುರ್ಚಿ ತರಿಸಿದಾರಂತೆ" ಅಂದರು ಅಮ್ಮ. "ಗುಂಡಿ ಒತ್ತಿದ್ರೆ ರೋಗಿ ತಾನಾಗೇ ಮಲಕ್ಕೊಂಡ್ಬಿಡ್ತಾನಂತೆ."

ಕಾರು ಗದಗದ ನಡುಗಿತು. ಗಾಜು ಕಟಕಟ ಅಂದಿತು.

"ಏನೋ ಅದು?" ಅಂದರು ಅಪ್ಪ. ಕಣ್ಣು ಮಂಜಾದ ಮೇಲೆ ಅವರಿಗೆ ಕೈಯೇ ಕಣ್ಣು. ಮುಂದಿನ ಸೀಟಿನ ಬೆನ್ನ ಮೇಲೆ ಅಂಗೈ ಇಟ್ಟರು. "ನನ್ನ ಕೈಲಿದ್ದಾಗ ಹೀಗೆ ನಡುಗಿದ್ದೇ ಇಲ್ಲವಲ್ಲ."

"ರಸ್ತೆ ಸರಿ ಇಲ್ಲ ಮಾವ" ಅಂದರು ಭಾವ. ರಸ್ತೆ ಅಂಗೈಯಷ್ಟು ನುಣುಪಾಗಿತ್ತು.

ಮನೆಗೆ ಬಂದ ಮೇಲೆ ಭಾವ ಎಲ್ಲರ ಮುಂದೆ ಎದೆ ಉಬ್ಬಿಸಿ ಒಂದು ಘೋಷಣೆ ಮಾಡಿದರು. "ಮೆಕ್ಯಾನಿಕ್ ಬೇಡ. ತೂಕದಲ್ಲಿ ಒಂದು ಗುಲಗಂಜಿ ಹೆಚ್ಚುಕಡಿಮೆ ಆದ್ರೂ ನನ್ನ ಕೈಗೆ ಗೊತ್ತಾಗುತ್ತೆ. ಇದು ಯಾವ ಮಹಾ. ಸ್ಟೀರಿಂಗಲ್ಲಿ ನಡುಗಿದ್ರೆ ಮುಂದಿನ ಚಕ್ರ. ಸೀಟಲ್ಲಿ ನಡುಗಿದ್ರೆ ಹಿಂದಿನ ದಂಡ. ನೆಲದಲ್ಲಿ ನಡುಗಿದ್ರೆ ಗೇರ್‌ಬಾಕ್ಸು. ನೀವೆಲ್ಲ ಕೂತ್ಕೊಳ್ಳಿ, ಎಲ್ಲಿ ನಡುಗುತ್ತೆ ಅಂತ ಹೇಳಿ, ಸಾಕು."

ಮಾರನೆಯ ದಿನ ಆಫೀಸಿಗೆ ರಜೆ ಹಾಕಿ ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿದರು. ಯಾರೂ ಮಾತಾಡಕೂಡದು, ಗಮನವೆಲ್ಲ ಅವರವರು ಕೂತ ಜಾಗದಲ್ಲೇ ಇರಬೇಕು ಅಂತ ಕಟ್ಟಪ್ಪಣೆ. ಊರನ್ನು ಒಂದು ಸುತ್ತು ಹಾಕಿದೆವು. ಅಷ್ಟು ಜನ ಮನೆಮಂದಿ ಬಾಯಿ ಮುಚ್ಚಿಕೊಂಡು ಕಣ್ಣು ಮೇಲೆ ಮಾಡಿ ಕೂತು ಹೋಗುವುದನ್ನು ನೋಡಿ, ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ದಾರಿಯಲ್ಲಿ ಇಬ್ಬರು ಟೋಪಿ ತೆಗೆದರು. ನಡುಕ ಬರಲಿಲ್ಲ.

"ವಾಸಿ ಆಯ್ತೇನೋ" ಅಂದಳು ಅಕ್ಕ, ಬೇಸರ ತಡೆಯಲಾರದೆ. "ಅಂದ ಹಾಗೆ, ತಂಗಿ ಫೋನ್ ಮಾಡಿದ್ಲು. ಅವರ ಯಜಮಾನ್ರನ್ನ ಡಾಕ್ಟರುಗಳ ಸಂಘಕ್ಕೆ ಅಧ್ಯಕ್ಷರು ಮಾಡಿದಾರಂತೆ."

"ಬಂತು! ಬಂತು!" ಅಂತ ಅಮ್ಮ ಕಿರುಚಿದರು.

"ಎಲ್ಲಿ ಬಂತು ಅತ್ತೆ? ಸರಿಯಾಗಿ ಹೇಳಿ!"

"ನನಗೆ ಗಲ್ಲದ ಹತ್ರ ಕಣಪ್ಪ."

"ಗಲ್ಲ ಲೆಕ್ಕಕ್ಕಿಲ್ಲ ಅತ್ತೆ! ಸೀಟಲ್ಲೋ, ನೆಲದಲ್ಲೋ?"

"ಗಲ್ಲ ಇರೋದು ನನ್ನ ಮೇಲೆ, ನಾನಿರೋದು ಸೀಟ್ ಮೇಲೆ. ಯಾವುದಾದ್ರೂ ಬರ್ಕೋ."

ನನಗೆ ಕಾಲಿನಲ್ಲಿ ಬರುತ್ತಿದೆ ಅಂದೆ. ಅಕ್ಕ ಬಳೆಯಲ್ಲಿ ಅಂದಳು. ಅಪ್ಪ ಮುಂದಿನ ಸೀಟಿನ ಬೆನ್ನನ್ನು ಸವರುತ್ತಾ ಕೂತಿದ್ದರು. ಮನೆ ಮುಂದೆ ಇಳಿಯುವಾಗ, ನಮ್ಮ ಹಿಂದೆಯೇ ಸ್ಕೂಟರಿನಲ್ಲಿ ಬಂದ ಪಕ್ಕದ ಮನೆಯ ಹಾರ್ಮೋನಿಯಂ ಮೇಷ್ಟ್ರು ತಲೆದೂಗುತ್ತಾ ನಿಂತರು.

"ಇನ್ಸ್‌ಪೆಕ್ಟರೇ, ನಿಮ್ಮ ಕಾರಿನ ಹಿಂದಿನ ಕೆಂಪು ದೀಪ ದಾರಿಯುದ್ದಕ್ಕೂ ಸುಮ್ಮನಿತ್ತು. ಇಲ್ಲಿ ತಿರುವಿಗೆ ಬಂದಾಗ ಇದ್ದಕ್ಕಿದ್ದ ಹಾಗೆ ತಾಳ ಹಾಕ್ತು ನೋಡಿ, ಆಹಾ! ಲಯ ಶುದ್ಧ ಅಂದ್ರೆ ಶುದ್ಧ. ಒಂದು ಅಕ್ಷರ ಆಚೀಚೆ ಇಲ್ಲ."

ಬ್ರೇಕ್ ಒತ್ತಿದರೆ ಮಾತ್ರ ಹತ್ತುವ ದೀಪ ಅದು. ಕೊಂಚ ಯೋಚಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಯೋಚಿಸುವುದು ನಮ್ಮ ಮನೆತನದಲ್ಲಿ ಇಲ್ಲ. ಭಾವ ತಲೆ ಮೇಲೆ ಕೈ ಹೊತ್ತುಕೊಂಡು, "ಅಯ್ಯೋ, ರೋಗ ವೈರಿಂಗಿಗೂ ಹತ್ತಿಕೊಂಡಿತಲ್ಲ!" ಅಂದರು.

ಕೊನೆಗೆ ಮೆಕ್ಯಾನಿಕ್ಕೇ ಗತಿಯಾಯಿತು. ಅವನನ್ನು ಊರವರು ಕರೆಯುವುದು 'ಆಮೇಲೆ' ಅಂತ. ಏನು ಕೇಳಿದರೂ ಆಮೇಲೆ ಅನ್ನುತ್ತಾನೆ. ಅವನ ಶೆಡ್ಡಿನಲ್ಲಿ ಬಾಯಿ ತೆರೆದುಕೊಂಡು ನಿಂತ ಕಾರುಗಳು ಒಂದರ ಬೆನ್ನಿಗೆ ಒಂದು ಸಾಲಾಗಿದ್ದವು, ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. 'ಆಮೇಲೆ' ಒಬ್ಬನೇ ಕಾರು ಹತ್ತಿ ಒಂದು ಸುತ್ತು ಹೋಗಿ ಬಂದ.

"ನಡುಕ ಇಲ್ಲ ಸಾರ್."

"ನಿಮಗೆ ಗೊತ್ತಾಗಿಲ್ಲ. ಅದು ಸೂಕ್ಷ್ಮವಾದ ನಡುಕ."

"ಯಾವ ಸ್ಪೀಡಲ್ಲಿ ಬರುತ್ತೆ?"

"ಅದಕ್ಕೆ ಸ್ಪೀಡಿನ ಹಂಗಿಲ್ಲ. ಮೆಲ್ಲಗೆ ಹೋದ್ರೂ ಬರುತ್ತೆ, ಜೋರಾಗಿ ಹೋದ್ರೂ ಬರುತ್ತೆ. ಒಂದೊಂದು ಸಲ ಬರೋದೇ ಇಲ್ಲ."

"ಗೇರು ಬದಲಾಗೋವಾಗ?"

"ಗೇರಲ್ಲ" ಅಂದೆ ನಾನು. "ಮಾತು ಬದಲಾಗೋವಾಗ." ನನ್ನ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ನಡುವೆ ಕೂರುವವನ ಪಾಡೇ ಇಷ್ಟು.

ತನ್ನ ಕಿವಿಯನ್ನೇ ಅನುಮಾನಿಸಿದರಲ್ಲ ಅಂತ 'ಆಮೇಲೆ'ಗೆ ರೋಷ ಬಂತು. ನೆಲದ ತಗಡು ಕಿತ್ತ. ಗೇರ್‌ಬಾಕ್ಸಿನ ಎಣ್ಣೆ ಇಳಿಸಿ, ಬೆರಳಿಗೆ ಹಚ್ಚಿ ಮೂಸಿ ನೋಡಿ, ಸುಟ್ಟ ವಾಸನೆ ಇಲ್ಲವಲ್ಲ ಅಂತ ಮುಖ ಹುಳಿ ಮಾಡಿಕೊಂಡ. ಗೇರ್‌ಬಾಕ್ಸು ಕೂರುವ ರಬ್ಬರು ಬದಲಾಯಿಸಿದ, ದಂಡದ ಕೀಲು ಬದಲಾಯಿಸಿದ. ಪ್ರತಿ ಸಲವೂ ಭಾವ ಸಂಭ್ರಮದಿಂದ ಕಾರು ತರುವರು. ಪ್ರತಿ ಸಲವೂ ದಾರಿಯಲ್ಲಿ ಯಾರಾದರೂ ಚಿಕ್ಕ ಭಾವನ ಸುದ್ದಿ ತೆಗೆಯುವರು. ಮತ್ತೆ ಗದಗದ.

"ಇನ್ನು ಒಳಗೇ ಇರಬೇಕು ಸಾರ್" ಅಂದ 'ಆಮೇಲೆ', ನಮ್ಮ ಅಂಗಳದಲ್ಲಿ ಕೈ ಒರೆಸಿಕೊಳ್ಳುತ್ತಾ. "ಗೇರಿನ ಹಲ್ಲು ಸವೆದಿದ್ರೆ ಹೀಗಾಗುತ್ತೆ."

ಅಮ್ಮ ಬಾಗಿಲಲ್ಲೇ ನಿಂತಿದ್ದರು. "ಹಲ್ಲಾ? ಮೊದಲೇ ಹೇಳಬಾರದಾ? ಹಲ್ಲಿಗಾದ್ರೆ ಮನೇಲೇ ಡಾಕ್ಟರ್ ಇದಾರಲ್ಲ!"

ಭಾವನ ಮುಖದಿಂದ ರಕ್ತ ಇಳಿದುಹೋಯಿತು. "ಅತ್ತೆ, ಅದು ಬೇರೆ ಹಲ್ಲು."

"ಹಲ್ಲು ಹಲ್ಲೇ ಕಣಪ್ಪ. ಸವೆಯೋದೂ ಹಾಗೇ, ಅಲುಗಾಡೋದೂ ಹಾಗೇ. ಅವರು ಒಂದ್ಸಲ ನೋಡಿದ್ರೆ ನಿಂಗೇನು ನಷ್ಟ?"

ಚಿಕ್ಕ ಭಾವ ಕ್ಲಿನಿಕ್ಕಿನಿಂದ ನೇರವಾಗಿ ಬಿಳಿ ಕೋಟಿನಲ್ಲೇ ಬಂದರು. ಕೈಯಲ್ಲಿ ಉದ್ದ ಹಿಡಿಯ ಪುಟಾಣಿ ಕನ್ನಡಿ, ಹಣೆಯ ಮೇಲೆ ದೀಪ. ಕಾಂಪೌಂಡಿನಾಚೆ ಹಾರ್ಮೋನಿಯಂ ಮೇಷ್ಟ್ರು ಕುರ್ಚಿ ತಂದು ಹಾಕಿಕೊಂಡು ಕೂತರು. 'ಆಮೇಲೆ' ಗೇರ್‌ಬಾಕ್ಸಿನ ಹಿಂದಿನ ಮುಚ್ಚಳ ಬಿಚ್ಚಿ ದಾರಿ ಮಾಡಿಕೊಟ್ಟ. ಚಿಕ್ಕ ಭಾವ ಚಾಪೆಯ ಮೇಲೆ ಮಲಗಿ ಕಾರಿನ ಕೆಳಗೆ ತೆವಳಿ, ಅಭ್ಯಾಸಬಲದಿಂದ "ದೊಡ್ಡದಾಗಿ ತೆಗೀರಿ" ಅಂದರು. ಯಾರಿಗೆ ಅಂದರೋ ಗೊತ್ತಿಲ್ಲ. ದೊಡ್ಡ ಭಾವ ಬಾಯಿ ತೆರೆದರು.

ಒಳಗಿಂದ ಬಂದವರ ಕೋಟಿನ ಮೇಲೆ ಒಂದು ಹನಿ ಎಣ್ಣೆ ಇಲ್ಲ. ದೊಡ್ಡ ಭಾವನನ್ನು ಹೆಚ್ಚು ಉರಿಸಿದ್ದು ಅದೇ ಇರಬೇಕು.

"ಕಂಡಷ್ಟು ಹಲ್ಲು ಗಟ್ಟಿಯಾಗಿವೆ. ವಸಡು... ಅಂದ್ರೆ ಆ ಸುತ್ತಲಿನ ರಬ್ಬರು, ಅಲ್ಲಿ ಸ್ವಲ್ಪ ಸೋರ್ತಿದೆ. ಸವೆತ ಏನಿಲ್ಲ."

"ಡಾಕ್ಟರ್ ಹೇಳೋದು ಸರಿ" ಅಂದ 'ಆಮೇಲೆ'. ಜೀವಮಾನದಲ್ಲಿ ಅವನು ಆಮೇಲೆ ಅನ್ನದೆ ಕೂಡಲೇ ಒಪ್ಪಿಕೊಂಡದ್ದು ಅದೊಂದೇ ಮಾತು.

"ನೋಡಿದ್ಯಾ, ಎಂಥ ಕೈಗುಣ!" ಅಂದರು ಅಮ್ಮ.

ಜಗಲಿಯ ಮೇಲೆ ಕೂತಿದ್ದ ಅಪ್ಪ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಸಾಕು ಮಾಡಿ. ಈ ಭಾನುವಾರ ಚಿಕ್ಕೋನು ಓಡಿಸಲಿ. ಅವನ ಕೈಲೂ ನಡುಗಿದ್ರೆ ಕಾರಿನ ದೋಷ. ನಡುಗದಿದ್ರೆ ಅವತ್ತೇ ಕಾರು ಅವನ ಶೆಡ್ಡಿಗೆ ಹೋಗಲಿ. ಹೇಗಿದ್ರೂ ಜಾಗ ಇದೆಯಂತಲ್ಲ."

'ಆಮೇಲೆ' ನೆಲದ ತಗಡನ್ನು ಹಾಗೇ ಹೊಂದಿಸಿಟ್ಟು ಹೊರಟ. ಸ್ಕ್ರೂ ತಿರುಗಿಸಪ್ಪಾ ಅಂದರೆ, "ಮತ್ತೆ ಬಿಚ್ಚಬೇಕಾಗುತ್ತಲ್ಲ ಸಾರ್, ಆಮೇಲೆ" ಅಂದ.

ಎಲ್ಲರೂ ಒಳಗೆ ಹೋದ ಮೇಲೆ ನೋಡಿದರೆ ದೊಡ್ಡ ಭಾವ ಕಾರಿನ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರು. ಕಣ್ಣು ಕೆಂಪಾಗಿತ್ತು.

"ನಿಮ್ಮಕ್ಕನ್ನ ನೋಡೋಕೆ ಮೊದಲ್ನೇ ಸಲ ಬಂದಿದ್ನಲ್ಲ" ಅಂದರು. "ಅವತ್ತು ಮಾವನೇ ನನ್ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ರು, ಇದೇ ಕಾರಲ್ಲಿ. ನಾನು ಇಲ್ಲಿ ಪಕ್ಕದಲ್ಲಿ ಕೂತಿದ್ದೆ. ಗೇರಿನ ಕೋಲು ತೋರಿಸಿ, 'ನೀನೇ ಹಾಕಪ್ಪ' ಅಂದ್ರು. ನಾನೇ ಹಾಕಿದೆ. ಕಾರು ಹೊರಟ್ತು. ಅವಳು ಕಿಟಕೀಲಿ ನೋಡ್ತಿದ್ಲು." ಗೇರಿನ ಕೋಲನ್ನು ಬೆರಳಿನಿಂದ ಸವರಿದರು. "ಅವನಿಗೆ ಎಲ್ಲಾ ಇದೆ ಕಣೋ. ಕುರ್ಚಿ ಇದೆ, ಅಧ್ಯಕ್ಷಗಿರಿ ಇದೆ. ಇದೊಂದನ್ನ ನಂಗೆ ಬಿಟ್ಟಿದ್ರೆ ಏನಾಗ್ತಿತ್ತು?"

ನನಗೂ ಪಾಪ ಅನ್ನಿಸಿತು. ನನ್ನ ಕೈಗೆ ಅಪ್ಪ ಆ ಕೋಲು ಕೊಟ್ಟು 'ನೀನೇ ಹಾಕಪ್ಪ' ಅಂದದ್ದು ನೆನಪಿಲ್ಲ. ಇರಲಿ, ನನಗೆ ಕಾರಿನ ಮೇಲೆ ಆಸೆ ಇಲ್ಲ ಅಂತ ಆಗಲೇ ಹೇಳಿದ್ದೇನೆ.

ಭಾನುವಾರ ಬಂತು. ಸ್ಟೀರಿಂಗಿಗೆ ಚಿಕ್ಕ ಭಾವ, ಅವರ ಎಡಗಡೆ ದೊಡ್ಡ ಭಾವ. ಹಿಂದೆ ಎಡಗಡೆ ಅಪ್ಪ, ಬಲಗಡೆ ದೊಡ್ಡಕ್ಕ, ನಡುವೆ ಯಾರು ಅಂತ ಕೇಳಬೇಡಿ. ಅಮ್ಮ, ಚಿಕ್ಕಕ್ಕ, ಹಾರ್ಮೋನಿಯಂ ಮೇಷ್ಟ್ರು ಗೇಟಿನಲ್ಲಿ ನಿಂತು ಕೈ ಬೀಸಿದರು. ಚುನಾವಣೆಯ ಫಲಿತಾಂಶಕ್ಕೆ ಹೊರಟವರ ಹಾಗೆ ನಾವು ಹೊರಟೆವು.

ಬೀದಿ ದಾಟಿತು, ನಡುಕ ಇಲ್ಲ. ಮಾರ್ಕೆಟ್ಟು ದಾಟಿತು, ನಡುಕ ಇಲ್ಲ. ದೊಡ್ಡ ಭಾವ ಎರಡೂ ಕೈಯಲ್ಲಿ ಡ್ಯಾಷ್‌ಬೋರ್ಡ್ ಹಿಡಿದುಕೊಂಡು, ನಡುಗಪ್ಪಾ ನಡುಗು ಅಂತ ತುಟಿಯಲ್ಲೇ ಬೇಡಿಕೊಳ್ಳುತ್ತಿದ್ದರು. ಕಾರು ಕೇಳಲಿಲ್ಲ. ಗೇರು ಬಿದ್ದದ್ದೂ ತಿಳಿಯದಷ್ಟು ಸದ್ದಿಲ್ಲದೆ ಕೆರೆ ಏರಿ ಹತ್ತಿತು.

"ಆಹಾ" ಅಂದರು ಅಪ್ಪ. "ಬೆಣ್ಣೆ ಮೇಲೆ ಹೋದ ಹಾಗಿದೆ. ನೀನು ಓಡಿಸೋದು ಥೇಟ್ ನನ್ನ ಹಾಗೇ ಕಣಯ್ಯಾ."

ಅಷ್ಟೇ! ತಗಡು ಢಣಢಣ ಢಣಢಣ ಅಂತ ಬಡಿದುಕೊಳ್ಳತೊಡಗಿತು. ಸೀಟು ಅದುರಿತು. ಕಿಟಕಿ ಅದುರಿತು.

"ಬಂತು ಮಾವ!" ಅಂತ ದೊಡ್ಡ ಭಾವ ಆನಂದದಿಂದ ಕೂಗಿಕೊಂಡರು. "ಇವನ ಕೈಲೂ ಬಂತು! ಕಾರಿನ ದೋಷ! ನನ್ನದಲ್ಲ!"

ಅಪ್ಪ ಮುಂದಿನ ಸೀಟಿನ ಬೆನ್ನ ಮೇಲೆ ಅಂಗೈ ಇಟ್ಟರು. ಬಲಗಡೆ ಸರಿಸಿದರು, ಎಡಗಡೆ ಸರಿಸಿದರು. ಹುಬ್ಬು ಗಂಟಿಕ್ಕಿತು. "ವಿಚಿತ್ರ. ಮುಂಚೆ ಬಲಗಡೆ ನಡುಗ್ತಿತ್ತು. ಈಗ ಎಡಗಡೆ ನಡುಗ್ತಿದೆ."

"ರೋಗ ಹರಡ್ತಿದೆ ಮಾವ!"

"ಹರಡ್ತಿಲ್ಲ, ಜಾಗ ಬದಲಾಯಿಸಿದೆ" ಅಂದಳು ಅಕ್ಕ. ಅವಳು ಕಿಟಕಿ ಕಡೆ ನೋಡುತ್ತಿರಲಿಲ್ಲ. ಮುಂದಕ್ಕೆ ಬಗ್ಗಿ, ತನ್ನ ಗಂಡನ ಕಾಲು ನೋಡುತ್ತಿದ್ದಳು. "ರೀ, ಒಂದು ಮಾತು ಹೇಳಿ. ನಮ್ಮನೆ ಊಟದ ಮೇಜಿಗೂ ಗೇರ್‌ಬಾಕ್ಸ್ ಇದೆಯಾ?"

"ಏನು ಹಾಗಂದ್ರೆ?"

"ತಂಗಿ ಮನೆ ಸುದ್ದಿ ಬಂದಾಗೆಲ್ಲ ಲೋಟದಲ್ಲಿ ನೀರು ತುಳುಕುತ್ತಲ್ಲ, ಅದಕ್ಕೆ ಕೇಳ್ದೆ."

ಅಪ್ಪ ಊರುಗೋಲಿನ ಕೊಕ್ಕೆಯನ್ನು ಸೀಟಿನ ಪಕ್ಕದಿಂದ ತೂರಿಸಿ, ಕುಣಿಯುತ್ತಿದ್ದ ದೊಡ್ಡ ಭಾವನ ಮೊಣಕಾಲಿಗೆ ಸಿಕ್ಕಿಸಿ ಹಿಡಿದರು. ತಗಡು ನಿಂತಿತು. ಬಿಟ್ಟರು. ಢಣಢಣ. ಹಿಡಿದರು. ನಿಂತಿತು. ತಕ್ಕಡಿ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರಿಗಿಂತ ಚೊಕ್ಕವಾದ ಪರೀಕ್ಷೆ.

"ಪಕ್ಕಕ್ಕೆ ನಿಲ್ಲಿಸು. ಕೀಲಿ ತೆಗಿ" ಅಂದರು ಅಪ್ಪ.

ಕಾರು ಮರದ ನೆರಳಿನಲ್ಲಿ ನಿಂತಿತು. ಇಂಜಿನ್ ಆರಿತು. ಈಗ ಎಲ್ಲರಿಗೂ ಎಲ್ಲವೂ ಅರ್ಥವಾಯಿತು, ಕೆಂಪು ದೀಪದ ಲಯಶುದ್ಧಿ ಕೂಡ. ಕ್ಲಚ್ ಇಲ್ಲದ ಕಾರಿನಲ್ಲಿ ಎಡಗಾಲಿಗೆ ಕೆಲಸವಿಲ್ಲ. ದೊಡ್ಡ ಭಾವನ ಎಡಗಾಲು ಸುಮ್ಮನೆ ಕೂರುವ ಕಾಲಲ್ಲ. ಅದು ಹೋಗಿ ಅಗಲವಾದ ಬ್ರೇಕಿನ ಮೇಲೆ ಕೂತಿತ್ತು. ಷಡ್ಡಕನ ಏಳಿಗೆ ಕಿವಿಗೆ ಬಿದ್ದಾಗಲೆಲ್ಲ ಅಲ್ಲೇ ಕುಣಿಯುತ್ತಿತ್ತು. ಇವತ್ತು ಬ್ರೇಕ್ ಸಿಗದೆ, ಸ್ಕ್ರೂ ಬಿಗಿಯದ ತಗಡಿನ ಮೇಲೆ ಕುಣಿದಿತ್ತು.

"ಹೊಟ್ಟೆಕಿಚ್ಚಾ?" ಅಂದರು ಅಪ್ಪ.

ದೊಡ್ಡ ಭಾವ ತಲೆ ತಗ್ಗಿಸಿದರು. "ಹೌದು ಮಾವ. ಹೊಟ್ಟೆಕಿಚ್ಚು. ಇವನನ್ನ ಕಂಡ್ರೆ ಉರಿಯುತ್ತೆ. ತಡಕೊಳ್ಳೋಕಾಗಲ್ಲ." ಮತ್ತೆ ಚಿಕ್ಕ ಭಾವನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಡಾಕ್ಟ್ರೇ" ಅಂದರು.

"ಪರವಾಗಿಲ್ಲ ಬಿಡಿ" ಅಂದರು ಚಿಕ್ಕ ಭಾವ ದೊಡ್ಡ ಮನಸ್ಸಿನಿಂದ. ಗೆದ್ದವರಿಗೆ ದೊಡ್ಡ ಮನಸ್ಸು ಬಹಳ ಸುಲಭವಾಗಿ ಬರುತ್ತದೆ. ಜೇಬಿನಿಂದ ಶೆಡ್ಡಿನ ಬೀಗದ ಕೈಯನ್ನೂ ತೆಗೆದು ನೋಡಿಕೊಂಡರು.

ಅಪ್ಪ ಮಂಜುಗಣ್ಣಿನಲ್ಲಿ ಕಾರಿನ ಚಾವಣಿ ನೋಡಿದರು. "ಚಿಕ್ಕೋನು ಚೆನ್ನಾಗಿ ಓಡಿಸ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಅವನಿಗೆ ಇದು ಇನ್ನೊಂದು ಕಾರು. ಇವನಿಗೆ ಇದೇ ಕಾರು. ಇದಕ್ಕೋಸ್ಕರ ಇಷ್ಟು ಉರಿದುಕೊಳ್ಳೋನು ಇದನ್ನ ಬಿಸಿಲಲ್ಲಿ ನಿಲ್ಲಿಸಲ್ಲ, ಮಳೇಲಿ ನೆನೆಸಲ್ಲ. ಕಾರು ದೊಡ್ಡೋನಿಗೇ ಇರಲಿ. ಸದ್ಯಕ್ಕಲ್ಲ, ಯಾವತ್ತಿಗೂ. ಓಡಿಸೋವಾಗ ಎಡಗಾಲು ಸೀಟಿನ ಕೆಳಗೆ ಮಡಚಿಟ್ಟುಕೊಂಡಿರಬೇಕು, ಅಷ್ಟೇ."

"ಬೇಕಾದ್ರೆ ಅದರ ಮೇಲೆ ನನ್ನ ಬ್ಯಾಗ್ ಇಡ್ತೀನಪ್ಪಾ" ಅಂದಳು ಅಕ್ಕ. ದೊಡ್ಡ ಭಾವ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ಅದೇ ಕರ್ಚೀಫಿನಿಂದ ಡ್ಯಾಷ್‌ಬೋರ್ಡನ್ನೂ ಒರೆಸಿದರು. ಅವರ ಕಾಲು ಕಲ್ಲಿನ ಹಾಗೆ ನಿಶ್ಚಲವಾಗಿತ್ತು.

ಢಣಢಣ ಢಣಢಣ.

ಎಲ್ಲರೂ ಬೆಚ್ಚಿದರು. ಅಪ್ಪನ ಅಂಗೈ ಸೀಟಿನ ಬೆನ್ನ ಮೇಲೆ ಬಲಗಡೆಗೆ ಓಡಿತು. ಸ್ಟೀರಿಂಗಿನ ಕೆಳಗೆ, ಮಡಿಕೆ ಮುರಿಯದ ಪ್ಯಾಂಟಿನೊಳಗೆ, ಡಾಕ್ಟರುಗಳ ಸಂಘದ ಅಧ್ಯಕ್ಷರ ಎಡ ಮೊಣಕಾಲು ಹೊಲಿಗೆ ಮೆಷಿನ್ನಿನ ಹಾಗೆ ಏಳುತ್ತಾ ಬೀಳುತ್ತಾ ಇತ್ತು. ಚಿಕ್ಕ ಭಾವನ ಕಿವಿ ಕೆಂಪಾಯಿತು. "ಸಾರಿ ಮಾವ" ಅಂದು ಎರಡೂ ಕೈಯಲ್ಲಿ ಮೊಣಕಾಲನ್ನು ಅದುಮಿ ಹಿಡಿದರು. ದೊಡ್ಡ ಭಾವ ಬಹಳ ಪ್ರೀತಿಯಿಂದ ಅವರ ಭುಜ ತಟ್ಟಿದರು. ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

ಅಪ್ಪ ನಗಲಿಲ್ಲ. ಕಿವಿ ನೆಟ್ಟಗೆ ಮಾಡಿ ಕೂತಿದ್ದರು. ತಗಡು ಇನ್ನೂ ಢಣಗುಟ್ಟುತ್ತಲೇ ಇತ್ತು. ಬಲಗಡೆಯಿಂದ ಅಲ್ಲ, ಎಡಗಡೆಯಿಂದಲೂ ಅಲ್ಲ. ನಡುಕ ಈಗ ನಟ್ಟನಡುವಿನಿಂದ, ಆ ಉಬ್ಬಿದ ತಗಡಿನಿಂದ ಬರುತ್ತಿತ್ತು.

"ಈಗ ಇನ್ಯಾರೋ?" ಅಂದರು ಅಪ್ಪ, ನನ್ನ ಕಡೆ ಮುಖ ತಿರುಗಿಸಿ.

ನಾನು ಕೆಳಗೆ ನೋಡಲಿಲ್ಲ.

"ಗೇರ್‌ಬಾಕ್ಸೇ ಇರಬೇಕು, ಅಪ್ಪಾ" ಅಂದೆ.